ಹರಳೆಣ್ಣೆಯಲ್ಲಿ ತಿರುಗಿದ ತಟ್ಟೆ

“ತಟ್ಟೆ ಇಷ್ಟು ಬೇಗ ನಿಲ್ಲೋದುಂಟೇನಮ್ಮ? ಮನಸ್ಸಿಗೆ ಬಂದಿದ್ದು ಬರೆದಿದ್ದೀಯ. ತಿದ್ದು, ಇಲ್ಲಾಂದ್ರೆ ಫೇಲು,” ಎಂದರು ಪರೀಕ್ಷಕರು.

“ತಿದ್ದಲ್ಲ ಸಾರ್. ನೀವೇ ತಿರುಗಿಸಿ ನೋಡಿ,” ಎಂದಳು ನನ್ನ ತಂಗಿ.

ಅರವತ್ತರ ದಶಕ. ಶಿವಮೊಗ್ಗದ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಅವಳಿಗೆ ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಲ್ಲೇ ಅಟೆಂಡರ್. ತಂತಿಗೆ ತೂಗುಬಿಟ್ಟ ಹಿತ್ತಾಳೆ ತಟ್ಟೆಯನ್ನು ಎಣ್ಣೆಯಲ್ಲಿ ಮುಳುಗಿಸಿ ತಿರುಚಿ ಬಿಟ್ಟರೆ, ಅದು ಅತ್ತಿತ್ತ ತಿರುಗುತ್ತ ನಿಧಾನವಾಗಿ ನಿಲ್ಲುತ್ತದೆ. ಪ್ರತಿ ಸಲ ತಿರುಗಾಟ ಎಷ್ಟು ಕುಗ್ಗಿತೆಂದು ಅಳೆಯಬೇಕು. ಬೆಳಿಗ್ಗೆ ಮೇಜು ಒರೆಸುವಾಗ ಲ್ಯಾಬಿನ ತೆಳು ಎಣ್ಣೆಯನ್ನು ನಾನು ಚೆಲ್ಲಿಬಿಟ್ಟಿದ್ದೆ. ಕೆಲಸ ಹೋದೀತೆಂದು ಹೆದರಿ, ಮನೆಗೆಂದು ಕೊಂಡಿದ್ದ ಹರಳೆಣ್ಣೆಯನ್ನೇ ಸುರಿದಿಟ್ಟಿದ್ದೆ. ಆ ಮಂದವಾದ ಎಣ್ಣೆಯಲ್ಲಿ ತಟ್ಟೆ ಬೇಗ ಸೋತಿತ್ತು. ಅದು ಗೊತ್ತಿದ್ದೂ ಬಾಯಿಬಿಡದೆ ಗೋಡೆಗೊರಗಿ ನಿಂತೆ.

ಪರೀಕ್ಷಕರು ತಾವೇ ತಟ್ಟೆ ತಿರುಗಿಸಿದರು. ಅವಳು ಬರೆದಿದ್ದಂತೆಯೇ ಅದು ಬೇಗ ನಿಂತಿತು. ಅವಳ ಉತ್ತರಪತ್ರಿಕೆಗೆ ಸಹಿ ಹಾಕಿದರು.

ಸಂಜೆ ಭದ್ರಾವತಿಗೆ ಮರಳುವ ರೈಲಿನಲ್ಲಿ ಅವಳೇ ಮಾತು ತೆಗೆದಳು: “ಅಣ್ಣಾ, ಹರಳೆಣ್ಣೆ ವಾಸನೆ ನಂಗೆ ಗೊತ್ತಾಗಲ್ವಾ? ಚಿಕ್ಕವಳಿದ್ದಾಗ ಮೂಗು ಹಿಡಿದು ಕುಡಿಸ್ತಿದ್ದೋನು ನೀನೇ ಅಲ್ವಾ ಮಾರಾಯ! ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಹಾಗಂತ ಸುಳ್ಳು ಬರೆಯೋಕಾಗುತ್ತಾ?”

“ಎಣ್ಣೆ ಬದಲಾಯಿಸಿದ್ದು ನಾನು, ಸಾರ್.” ಅಂದು ನನ್ನ ಗಂಟಲಲ್ಲೇ ಉಳಿದ ಮಾತಿದು. ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಯಾಕೆ ಬರೀತೀರಿ, ಹರಿದುಹಾಕಿ ಎನ್ನುತ್ತಾರೆ ಮನೆಯವರು. ಬರೆದಾಗಿದೆ. ಯಾರು ಹೇಳಿದರೂ ತಿದ್ದುವುದಿಲ್ಲ.