ಐವತ್ತಾರು ಮೈಲು

ಪಂಚಾಂಗ ಹೇಳುವ ಮನೆತನದಲ್ಲಿ ಹುಟ್ಟಿ ಮೋಟಾರು ಹೊಡೆಯಲು ಹೋದನೆಂದು ಸವದತ್ತಿಯ ವೆಂಕಣ್ಣನನ್ನು ಬಳಗದವರು ಮೊದಲೇ ದೂರ ಇಟ್ಟಿದ್ದರು. ಅವನ ಪಾಲಿಗೆ ಉಳಿದದ್ದು ನಂಬಿಗಸ್ಥ ಎಂಬ ಹೆಸರೊಂದೇ. ಅದನ್ನೂ ಒಂದು ಇಂಚು ನುಂಗಿತು ಎಂದರೆ ನಗಬೇಡಿ.

ಅವನ ಧಣಿ ಹತ್ತಿ ವ್ಯಾಪಾರಿ ನಿಜಗುಣಪ್ಪ. ೧೯೫೩ರ ಮಳೆಗಾಲದಲ್ಲಿ ಮುರಗೋಡದ ದಾರಿಯ ಕುಣಿಗಳಿಗೆ ಬಿದ್ದು ಕಾರಿನ ಗಾಲಿಗಳು ಡೊಂಕಾದವು. ಸಾಹುಕಾರ ಬೆಳಗಾವಿಯ ಗುಜರಿಯಿಂದ ಟೈರು ಸಮೇತ ನಾಲ್ಕು ಗಾಲಿ ತಂದ. ಹಳೆಯವು ಹದಿನಾರು ಇಂಚಿನವು, ಇವು ಹದಿನೈದರವು. ವೆಂಕಣ್ಣ ಟೈರಿನ ಮೇಲಿನ ಅಂಕಿ ಓದಿ ತಲೆ ಅಲ್ಲಾಡಿಸಿದ.

"ಸಾಹುಕಾರ್ರ, ಗಾಲಿ ಸಣ್ಣದಾದ್ರ ಟೈರ್ ದಪ್ಪ ಆಗಬೇಕ್ರಿ. ಮೊದಲ ಹದಿನಾರರ ಗಾಲಿಗೆ ಮ್ಯಾಲ ಆರು, ಕೆಳಗ ಆರು ಇಂಚ್ ರಬ್ಬರ್. ಒಟ್ಟ ಇಪ್ಪತ್ತೆಂಟು. ಹದಿನೈದಕ್ಕ ಆರೂವರಿ ಟೈರ್ ಹಾಕಿದ್ರ ಮತ್ತ ಅಷ್ಟೇ ಬರ್ತದ. ಇವು ಆರರವು. ಇಪ್ಪತ್ತೇಳ ಆತು. ಮೀಟರ್ ಸುಳ್ಳ ಹೇಳ್ತದ."

"ಒಂದ್ ಇಂಚಿಗೆ ಏನಾಕ್ಕೈತಿ ವೆಂಕಣ್ಣಾ? ಹಾಕು."

ಹಾಕಿದ. ಬೈಲಹೊಂಗಲಕ್ಕೆ ಹೋಗಿಬಂದರೆ ಐವತ್ನಾಲ್ಕು ಮೈಲು ತೋರಿಸುತ್ತಿದ್ದ ಮೀಟರು ಐವತ್ತಾರು ತೋರಿಸತೊಡಗಿತು. ಗಾಲಿ ಗಿಡ್ಡಾದರೆ ಅಷ್ಟೇ ದಾರಿಗೆ ಹೆಚ್ಚು ಸಲ ತಿರುಗಬೇಕು. ಮೀಟರು ಎಣಿಸುವುದು ಸುತ್ತನ್ನು, ದಾರಿಯನ್ನಲ್ಲ. ಆದರೆ ಸಾಹುಕಾರ ದಸರೆಗೆ ಆ ಮೀಟರಿಗೆ ಕುಂಕುಮ ಹಚ್ಚಿ ಕೈಮುಗಿಯುವ ಆಸಾಮಿ. ಹೆಚ್ಚಿನ ಎರಡು ಮೈಲು ಇವನು ಎಲ್ಲಿಗೆ ಹೋಗುತ್ತಾನೆ? ದಾರಿಯಿಂದ ಸರಿಯಾಗಿ ಒಂದು ಮೈಲು ಒಳಗೆ ತಂಗೆವ್ವ ಎಂಬ ವಿಧವೆಯ ಮನೆಯಿತ್ತು. ಹೋಗಲು ಒಂದು, ಬರಲು ಒಂದು. ಇಂಥ ಲೆಕ್ಕದಲ್ಲಿ ಮಾತ್ರ ನಮ್ಮ ಊರವರು ಮಹಾ ಜಾಣರು.

ವೆಂಕಣ್ಣ ಹಳೆಯ ಸ್ಟೆಪ್ನಿಯನ್ನೂ ಹೊಸ ಗಾಲಿಯನ್ನೂ ಅಂಗಳದಲ್ಲಿ ನಿಲ್ಲಿಸಿ, ಎರಡಕ್ಕೂ ಒಂದೊಂದು ಹಗ್ಗ ಸುತ್ತಿ ಕತ್ತರಿಸಿ ತೋರಿಸಿದ. ಒಂದು ಹಗ್ಗ ನಾಲ್ಕು ಬೆರಳು ಗಿಡ್ಡ ಬಂತು.

"ಮೀಟರ್ ವಿಲಾಯ್ತಿದು, ಹಗ್ಗಾ ನಿಂದು," ಎಂದ ನಿಜಗುಣಪ್ಪ. "ನಾಳಿಂದ ಬರಬ್ಯಾಡ."

ವೆಂಕಣ್ಣನ ಹೆಂಡತಿ ಸುಂದರಾಬಾಯಿ ಏನೂ ಕೇಳಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು. ತಾನೇ ಕರೆದು ಹಗ್ಗ ತೋರಿಸಿದ, ಆಣೆ ಇಟ್ಟ. "ಆಗ್ಲಿ ಬಿಡ್ರಿ," ಎಂದು ಅವಳು ಒಲೆಯ ಕಡೆ ತಿರುಗಿದಳು.

ಓಡಿಸುವವರಿಲ್ಲದೆ ಕಾರು ತಿಂಗಳೊಪ್ಪತ್ತು ನಿಂತಿತು. ಗುಜರಿ ಟೈರುಗಳು ನಿಂತಲ್ಲೇ ಬಿರಿದವು. ಹೊಸ ಡ್ರೈವರ್ ಪರಪ್ಪನಿಗೆ ಅಂಕಿ ಓದಲು ಬಾರದು, ಅಂಗಡಿಯವನು ಕೊಟ್ಟದ್ದನ್ನು ತಂದು ಹಾಕಿದ. ಅವನು ಕೊಟ್ಟದ್ದು ಆರೂವರೆಯದು.

"ಪರಪ್ಪ ಬಂದ ಮ್ಯಾಲ ಬರೋಬ್ಬರಿ ಐವತ್ನಾಲ್ಕ ನೋಡ್ರಿ! ಮನಷ್ಯಾ ಅಂದ್ರ ಹಿಂಗಿರಬೇಕು," ಎಂದು ಸಾಹುಕಾರ ಪೇಟೆಯ ತುಂಬ ಹೇಳಿಕೊಂಡು ತಿರುಗಿದ.

ಸುದ್ದಿ ಕೇಳಿ ವೆಂಕಣ್ಣ ಮನೆಗೆ ಓಡಿಬಂದ. ಎಷ್ಟೋ ದಿನಗಳ ಮೇಲೆ ಅವನ ಮುಖ ಅರಳಿತ್ತು.

"ಕೇಳಿದ್ಯಾ? ಆರೂವರಿ ಟೈರ್ ಹಾಕ್ಯಾರ. ಐವತ್ನಾಲ್ಕ ಆತು!"

"ಕೇಳೇನಿ," ಎಂದಳು ಸುಂದರಾಬಾಯಿ. "ಈಗರೆ ಒಪ್ಪಿಕೊಳ್ರಿ. ನಾ ಏನೂ ಅನ್ನೂದಿಲ್ಲ."

ಆ ಎರಡು ಹಗ್ಗಗಳನ್ನು ವೆಂಕಣ್ಣ ಸಾಯುವತನಕ ಗೂಟಕ್ಕೆ ತೂಗುಹಾಕಿದ್ದ. ಒಂದರ ಪಕ್ಕ ಇನ್ನೊಂದನ್ನು ಹಿಡಿದು ನೋಡಲು ಯಾರೂ ಬರಲಿಲ್ಲ, ಮನೆಯವಳೂ.