ಪೆಟ್ಟಿಗೆಗೆ ಬೇಕಾಗಿದ್ದ ಸೋಮವಾರ

ಹಂಗಳದ ಆ ಬಾಳೆತೋಟದಲ್ಲಿ ನಾನು ಪೆಟ್ಟಿಗೆ ಕೂರಿಸಿದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಊಟದ ಡಬ್ಬಿಗಿಂತ ತುಸು ದೊಡ್ಡ ಪೆಟ್ಟಿಗೆ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ತಂತಿ ಎಲ್ಲಾದರೂ ತುಂಡಾದರೆ ಅದು ಮನೆಯವರ ಫೋನಿಗೆ ಮೆಸೇಜ್ ಕಳಿಸಿ ಸೈರನ್ ಕೂಗಿಸಬೇಕು. ಅದರೊಳಗಿನ ಪ್ರೋಗ್ರಾಂ ಬರೆದವಳು ನಾನು. ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳು ನಮ್ಮ ಆಫೀಸು.

ತೋಟದ ಯಜಮಾನರಿಗೆ ಅರವತ್ತು ದಾಟಿತ್ತು. ಗೊನೆ ಬಲಿಯತೊಡಗಿದಾಗಿನಿಂದ ಅವರು ಅಟ್ಟಣೆಯ ಮೇಲೆ ಕಾವಲು ಮಲಗುತ್ತಿದ್ದರು. ಪೆಟ್ಟಿಗೆಯನ್ನು ಸುತ್ತ ತಿರುಗಿ ನೋಡಿ ಕೇಳಿದರು:

"ಸ್ವಾಮಾರ ಇದುಕ್ಕೂ ಬುಡುವು ಕೊಡ್ಬೇಕಲ್ವ ಕಣಮ್ಮಿ?"

"ಸೋಮವಾರ ಯಾಕೆ ದೊಡ್ಡಪ್ಪ?"

"ಸ್ವಾಮಾರ ನಾವು ಎತ್ತು ಕಟ್ಟಾಕಿಲ್ಲ. ಗೇಯದುಕ್ಕೆಲ್ಲ ಒಂದಿನ ಬುಡುವು ಬೇಕು. ಬೆಳಿಗ್ಗೆ ಆಪ್ ಮಾಡಿ, ಒರ್ಸಿ, ಇಬೂತಿ ಇಟ್ಟು, ಸಂಜಿಗೆ ಆನ್ ಮಾಡ್ಬುಡ್ತೀನಿ."

ನಾನು ನಕ್ಕೆ. ಆ ನಗು ನನಗೆ ಸರಿಯಾಗಿ ನೆನಪಿದೆ. "ಇದೇನ್ ಎತ್ತಾ ದೊಡ್ಡಪ್ಪ? ಇದುಕ್ಕೆ ಸುಸ್ತಾಗಲ್ಲ. ನೀವು ಆಫ್ ಮಾಡಿದ್ ದಿನಾನೇ ಆನೆ ಬಂದ್ರೆ? ಈ ಸ್ವಿಚ್ ಮುಟ್ಲೇಬೇಡಿ."

ಅವರ ಹೆಂಡತಿ ಬದುವಿನ ಮೇಲೆ ಕುಳಿತು ಎಲೆಅಡಿಕೆ ಹಾಕುತ್ತಿದ್ದರು. "ಎತ್ತು ಸುಸ್ತಾದ್ರೆ ನಿಂತ್ಕತದೆ, ಕಾಣ್ತದೆ. ಇದು ಸುಸ್ತಾದ್ರೆ ನಮ್ಗೆಂಗವ್ವ ಗೊತ್ತಾದದು?" ಎಂದರು.

ನಾನು ಹಸಿರು ದೀಪ ತೋರಿಸಿದೆ. ಇದು ಮಿಣುಕುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದೆ.

ಮೂರನೆಯ ಮಂಗಳವಾರ, ಕೋಳಿ ಕೂಗುವ ಮೊದಲು, ಆನೆ ಬೇಲಿ ಮುರಿದು ಬಂತು. ಯಜಮಾನರು ಅಟ್ಟಣೆಯ ಮೇಲಿರಲಿಲ್ಲ. ಪೆಟ್ಟಿಗೆ ಇದೆಯಲ್ಲ ಎಂದು ಪಂಪ್‌ಸೆಟ್ಟಿನ ಮನೆಯಲ್ಲಿ ಮಲಗಿದ್ದರು. ಸೈರನ್ ಕೂಗಲಿಲ್ಲ. ಆನೆ ಒರಗಿದ ಗೋಡೆ ಅವರ ಸೊಂಟದ ಮೇಲೆ ಬಿತ್ತು.

ನಾನು ತಲುಪಿದಾಗ ಒಂಬತ್ತು ಗಂಟೆ. ಅವರನ್ನು ಆಗಲೇ ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದ್ದರು. ತೋಟದಲ್ಲಿ ಅವರ ಮಗ ನಿಂತಿದ್ದ.

"ನೀವ್ ಬ್ಯಾಡ ಅಂದ್ರೂ ಕೇಳ್ನಿಲ್ಲ ಅಕ್ಕ, ನಿನ್ನೆ ಆಪ್ ಮಾಡ್ಬುಟ್ಟವ್ನೆ ಮುದ್ಕ. ಸ್ವಾಮಾರ ಅಂತೆ ಸ್ವಾಮಾರ! ಅಟ್ಟಣೆ ಇಳ್ದು ಓಗಿ ಮನಿಕ್ಕಂಡ ಬ್ಯಾರೆ."

ಸುತ್ತ ನಿಂತವರೂ ಅದನ್ನೇ ಹೇಳಿದರು. ನಾನು ಪೆಟ್ಟಿಗೆ ನೋಡಿದೆ. ಹಸಿರು ದೀಪ ಮಿಣುಕುತ್ತಿತ್ತು. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದೆ. ಪೆಟ್ಟಿಗೆ ಆನ್ ಆಗಿ ಹತ್ತೊಂಬತ್ತು ದಿನ ಇಪ್ಪತ್ತೆರಡು ಗಂಟೆಯಾಗಿತ್ತು. ನಡುವೆ ಒಮ್ಮೆಯೂ ನಿಂತಿರಲಿಲ್ಲ. ಯಜಮಾನರು ಅದನ್ನು ಮುಟ್ಟಿರಲಿಲ್ಲ. ಇದನ್ನು ನಾನು ಅಲ್ಲೇ, ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ಸಾಲು ಓದುತ್ತಿದ್ದೆ: ಉಳಿದಿರುವ ಮೆಮೊರಿ, ಇಲ್ಲವೆನ್ನುವಷ್ಟು ಕಡಿಮೆ.

ನಾನು ಕಾಲೇಜಿನಲ್ಲಿ ಮೊದಲು ಕಲಿತ ಕಂಪ್ಯೂಟರ್ ಭಾಷೆಗಳಲ್ಲಿ, ಪ್ರೋಗ್ರಾಂ ತಾನು ಬಳಸಿ ಬಿಟ್ಟ ಮೆಮೊರಿಯ ಜಾಗವನ್ನು ಗುಡಿಸಲು ಹಿಂದೆಯೇ ಒಬ್ಬ ಬರುತ್ತಾನೆ. ಗಾರ್ಬೇಜ್ ಕಲೆಕ್ಟರ್ ಎನ್ನುತ್ತಾರೆ. ಯಾರಿಗೂ ಬೇಡವಾದದ್ದು ಯಾವುದು ಎಂದು ಅವನೇ ಹುಡುಕಿ, ಜಾಗ ತೆರವು ಮಾಡುತ್ತಾನೆ. ಈ ಪೆಟ್ಟಿಗೆಯಂಥ ಸಣ್ಣ ಯಂತ್ರದಲ್ಲಿ ಅವನಿಗೆ ಜಾಗವಿಲ್ಲ. ಇಲ್ಲಿ ಸಿ ಭಾಷೆಯಲ್ಲಿ ಬರೆಯಬೇಕು. ಒಂದು ಮೆಸೇಜ್ ಓದಬೇಕಾದರೂ ಇಷ್ಟು ಜಾಗ ಕೊಡು ಎಂದು ಕೇಳಿ ಪಡೆಯಬೇಕು, ಓದಿದ ಮೇಲೆ ನಾವೇ ಹಿಂದಿರುಗಿಸಬೇಕು. ಮರೆತರೆ ಆ ಜಾಗ ಮತ್ತೆ ಯಾರಿಗೂ ಸಿಗುವುದಿಲ್ಲ, ಪೆಟ್ಟಿಗೆ ಆಫ್ ಆಗುವವರೆಗೆ. ನನ್ನ ಹಿಂದೆ ಗುಡಿಸುವವರು ಬೇಕಿಲ್ಲ ಎಂಬ ಹೆಮ್ಮೆ ನನಗಿತ್ತು.

ತಪ್ಪು ಸಿಕ್ಕಿದ್ದು ಮಧ್ಯಾಹ್ನ. ಮನೆಯವರ ನಂಬರಿನಿಂದ ಮೆಸೇಜ್ ಬಂದರೆ ಪ್ರೋಗ್ರಾಂ ಅದನ್ನು ಓದಿ ಜಾಗ ಹಿಂದಿರುಗಿಸುತ್ತಿತ್ತು. ಗುರುತಿಲ್ಲದ ನಂಬರಾದರೆ ಅರ್ಧದಲ್ಲೇ ಬಿಟ್ಟುಬಿಡುತ್ತಿತ್ತು, ಪಡೆದ ಜಾಗ ಹಿಂದಿರುಗಿಸದೆ. ಒಂದು ಸಾಲು ಬರೆಯಬೇಕಿತ್ತು, ಬರೆದಿರಲಿಲ್ಲ. ಪೆಟ್ಟಿಗೆಯ ಸಿಮ್ಮಿಗೆ ದಿನವೂ ರೀಚಾರ್ಜ್ ಆಫರ್, ಕಾಲರ್ ಟ್ಯೂನ್, ಸಾಲ ಬೇಕೇ ಎಂಬ ಮೆಸೇಜುಗಳು ಬರುತ್ತಿದ್ದವು. ಇಪ್ಪತ್ತು ದಿನ ಅವೇ ಒಳಗೆ ತುಂಬಿಕೊಂಡವು. ಆನೆ ಬಂದಾಗ ಎಚ್ಚರಿಕೆಯ ಮೆಸೇಜ್ ಬರೆದುಕೊಳ್ಳಲು ಪೆಟ್ಟಿಗೆ ಜಾಗ ಕೇಳಿತು. ಸಿಗಲಿಲ್ಲ. ಮೆಸೇಜ್ ಹೋದ ಮೇಲೆ ಸೈರನ್ ಎಂದು ನಾನು ಬರೆದಿದ್ದರಿಂದ ಸೈರನ್ನೂ ಕೂಗಲಿಲ್ಲ. ದೀಪ ಮಿಣುಕಿಸಲು ಮಾತ್ರ ಜಾಗ ಬೇಕಿರಲಿಲ್ಲ.

ಹಾಗಾದರೆ ಉಡಿಗಾಲದಲ್ಲಿ ಇದೇ ಪ್ರೋಗ್ರಾಂ ಹಾಕಿ ನಾಲ್ಕು ತಿಂಗಳು ಪರೀಕ್ಷೆ ಮಾಡಿದ ಪೆಟ್ಟಿಗೆ ಒಂದು ದಿನವೂ ಕೆಡಲಿಲ್ಲವಲ್ಲ? ಅಲ್ಲಿನ ರೈತರಿಗೆ ಫೋನ್ ಮಾಡಿ, ನಡುವೆ ಯಾವಾಗಲಾದರೂ ಆಫ್ ಮಾಡಿದ್ದಿರಾ ಎಂದು ಕೇಳಿದೆ.

"ಬೈಬ್ಯಾಡ ಕಣವ್ವ. ಸ್ವಾಮಾರ ಸ್ವಾಮಾರ ಆಪ್ ಮಾಡಿ, ಸಂಜಿಗೆ ಆನ್ ಮಾಡ್ತಿದ್ದೋ. ನೀವ್ ಏನಂದೀರೋ ಅಂತ ಯೋಳ್ನಿಲ್ಲ."

ವಾರಕ್ಕೊಮ್ಮೆ ಪೆಟ್ಟಿಗೆಯ ಜಾಗವನ್ನೆಲ್ಲ ಖಾಲಿ ಮಾಡಿ ಅವರು ನನ್ನ ತಪ್ಪನ್ನು ಗುಡಿಸುತ್ತಿದ್ದರು. ಹಂಗಳದವರನ್ನು ನಾನು ಗುಡಿಸಲು ಬಿಡಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಎಲ್ಲ ತೋರಿಸಿದೆ. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಸರಿಪಡಿಸಿದ ಪ್ರೋಗ್ರಾಮನ್ನು ಎಲ್ಲ ಪೆಟ್ಟಿಗೆಗಳಿಗೂ ಅದೇ ವಾರ ಹಾಕಿಸಿದರು, ಅದು ನಿಜ. ಆದರೆ ಈ ಘಟನೆಯ ಬಗ್ಗೆ ಕಂಪನಿ ಕಳಿಸಬೇಕಿದ್ದ ವರದಿಯಲ್ಲಿ, ಬಳಕೆದಾರರು ಸೋಮವಾರದ ಪದ್ಧತಿಯಂತೆ ಉಪಕರಣವನ್ನು ಆಫ್ ಮಾಡಿರುವ ಸಾಧ್ಯತೆ ಇದೆ ಎಂದು ಬರೆದರು. ನಾನು ಸಹಿ ಹಾಕಲಿಲ್ಲ. "ನಿಮ್ ಸಹಿ ಬೇಕಾಗೂ ಇಲ್ಲ ಬಿಡಿ" ಎಂದರು. ವರದಿ ಹೋಯಿತು.

ಭಾನುವಾರ ಚಾಮರಾಜನಗರದ ಬಸ್ ಹತ್ತಿದೆ. ಆಸ್ಪತ್ರೆಯಲ್ಲಿ ಯಜಮಾನರು ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಗ ಗೋಡೆಗೆ ಒರಗಿ ನಿಂತಿದ್ದ, ತಾಯಿ ನೆಲದ ಮೇಲೆ ಕುಳಿತಿದ್ದರು. ನನ್ನನ್ನು ಕಂಡೊಡನೆ ಯಜಮಾನರು ಹೇಳಿದರು:

"ನಾ ಮುಟ್ನಿಲ್ಲ ಕಣಮ್ಮಿ. ನೀ ಬ್ಯಾಡ ಅಂದ್ಯಲ್ಲ, ಮುಟ್ನಿಲ್ಲ. ಇವ್ರ್ಯಾರೂ ನಂಬಾಕಿಲ್ಲ."

"ನೀವು ಮುಟ್ಟಿಲ್ಲ ದೊಡ್ಡಪ್ಪ. ಪೆಟ್ಟಿಗೇಲಿ ಬರ್ಕಂಡಿದೆ, ನಾನೇ ನೋಡ್ದೆ. ತಪ್ಪು ನಂದು."

ನಾನು ಎಲ್ಲವನ್ನೂ ಹೇಳಿದೆ, ಮಗನ ಮುಖ ನೋಡುತ್ತ. ವರದಿಯ ವಿಷಯವನ್ನೂ ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ:

"ಅಂಗಾರೆ ಅಪ್ಪ ಸ್ವಾಮಾರ ಆಪ್ ಮಾಡಿ ಆನ್ ಮಾಡಿದ್ರೆ, ಅವತ್ತು ಕೂಗ್ತಿತ್ತಾ?"

"ಕೂಗ್ತಿತ್ತು" ಎಂದೆ.

ತಾಯಿ ತಲೆ ಎತ್ತಿ ನನ್ನನ್ನು ನೋಡಿದರು.

"ಕೇಳ್ದೇನ್ಲಾ ಮಗ," ಎಂದರು ಮಂಚದ ಮೇಲಿದ್ದವರು, "ನಾ ಮುಟ್ನಿಲ್ಲ." ಅವನು "ಊಂ ಕಣಪ್ಪ" ಎಂದು ಅವರ ಹೊದಿಕೆ ಸರಿಮಾಡಿದ. ಅವರು ನನ್ನ ಕಡೆಗಿದ್ದ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅವರು ತಿರುಗಲಿಲ್ಲ.