ಕೋಟೆ ಬೀದಿಯ ಕಾಳಗವೂ ನನ್ನ ಕಂಬಳಿಯೂ

ಟೀವಿಯ ರೌಡಿಗಳ ಚಪ್ಪಲಿ ಎಂದಿಗೂ ಕಿತ್ತುಹೋಗುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದೇನೆ. ಅವರು ಹೆಂಚಿನ ಮಾಡುಗಳ ಮೇಲೆ ಓಡುತ್ತಾರೆ, ಕಾಂಪೌಂಡು ಹಾರುತ್ತಾರೆ, ಹತ್ತು ಜನರ ಎದೆಗೆ ಒದ್ದು ಗಾಳಿಯಲ್ಲಿ ಎರಡು ಸುತ್ತು ತಿರುಗಿ ನೆಲಕ್ಕಿಳಿಯುತ್ತಾರೆ. ಇಷ್ಟಾದರೂ ಪಾದರಕ್ಷೆಗಳು ಪತಿವ್ರತೆಯರಂತೆ ಪಾದಗಳನ್ನು ಬಿಡುವುದಿಲ್ಲ. ನಮ್ಮ ಮಧುಗಿರಿಯ ಅಂಗಡಿಯಲ್ಲಿ ನಾನು ಕೊಂಡ ಹವಾಯಿ ಚಪ್ಪಲಿಯಾದರೋ ಬಸ್‌ ಸ್ಟ್ಯಾಂಡಿಗೆ ಹೋಗಿ ತಿರುಗುವಷ್ಟರಲ್ಲಿ ಉಂಗುಷ್ಟ ಕಳಚಿಕೊಂಡು ವೈರಾಗ್ಯ ತಾಳುತ್ತದೆ. ಈ ಸಂಶೋಧನೆಯನ್ನು ನನ್ನ ಹೆಂಡತಿ ಶಾರದೆಯ ಮುಂದೆ ಮಂಡಿಸಿದರೆ ಅವಳು ಟೀವಿಯಿಂದ ಕಣ್ಣು ತೆಗೆಯದೆ, "ಕತೆ ನೋಡಿ ಅಂದ್ರೆ ಕಾಲು ನೋಡ್ಕೊಂಡು ಕೂತಿದೀರಲ್ಲ" ಅಂದಳು.

ಕತೆಯನ್ನು ನೋಡದಿರಲು ನನಗೆ ಕಾರಣವಿತ್ತು. ಅದು ನನ್ನದೇ ಕತೆ. ಬೆಟ್ಟದ ಬುಡದ ಒಂದು ಕೋಟೆ ಊರು, ಅಲ್ಲಿ ಎರಡು ಗ್ಯಾಂಗು, ಹೆಗಲ ಮೇಲೆ ಕರಿಯ ಕಂಬಳಿ ಹೊದ್ದು ಅದರಡಿಯಲ್ಲಿ ಮಚ್ಚು ಮರೆಸಿಕೊಂಡ ಯುವಕರು, ಬೀದಿಗಾಗಿ ಹರಿಯುವ ನೆತ್ತರು. ಪ್ರತಿ ಕಂತಿನ ಆರಂಭದಲ್ಲಿ 'ನೈಜ ಘಟನೆಗಳಿಂದ ಪ್ರೇರಿತ' ಎಂಬ ಅಕ್ಷರಗಳು ಬೆಂಕಿಯಲ್ಲಿ ಉರಿಯುತ್ತವೆ. ಊರಿನ ಹೆಸರನ್ನು ಬದಲಿಸಿದ್ದಾರೆ, ಆದರೆ ನಮ್ಮ ಬೆಟ್ಟವನ್ನು ಬದಲಿಸಲು ಯಾರಿಂದ ಸಾಧ್ಯ? ಬೆಟ್ಟವೇನೋ ನಮ್ಮದು, ನಾಯಕ ಬಾಗಿಲು ಒದ್ದು ಹೊರಬರುವ ಕೋಟೆ ಮಾತ್ರ ಶಿರಾದ್ದು, ಅವನು ಕೊರಟಗೆರೆಗೆಂದು ಬುಲೆಟ್ಟು ಹತ್ತಿದರೆ ಹಿನ್ನೆಲೆಯಲ್ಲಿ ಪಾವಗಡದ ರಾಯಚರ್ಲು ಕಡೆಯ ಸೌರಫಲಕಗಳು ಮಿನುಗುತ್ತವೆ. ನನ್ನ ಯೌವನಕಾಲದಲ್ಲಿ ಆ ಕಡೆ ಮಿನುಗುತ್ತಿದ್ದುದು ಬರೀ ಬಿಸಿಲು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನಾದ ನನಗೆ ಇಂಥ ಕಾಲದೋಷಗಳನ್ನು ಹುಡುಕುವುದರಲ್ಲಿ ಒಂದು ನೀಚ ಸಂತೋಷವಿದೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ನಿಜವಾದ ಇತಿಹಾಸ ಇಷ್ಟು. ನಮ್ಮದು ಕೋಟೆ ಬೀದಿ ಗ್ಯಾಂಗು, ಊರಾಚೆ ಕುರಿ ಸಾಕುವವರ ಹಟ್ಟಿಯದು ಹಟ್ಟಿ ಗ್ಯಾಂಗು. ಎರಡೂ ಕಡೆ ಹದಿನೆಂಟು ಇಪ್ಪತ್ತರ ಹರೆಯದವರು. ಆಯುಧಗಳೆಂದರೆ ಬಿದಿರು ಕೋಲು ಮತ್ತು ಒಂದೇ ಒಂದು ಸೈಕಲ್ ಚೈನು. ಅದನ್ನೂ ಸಂಜೆಯೊಳಗೆ ಸೈಕಲ್ಲಿಗೆ ಮರಳಿ ಹಾಕಬೇಕಿತ್ತು, ಏಕೆಂದರೆ ಸೈಕಲ್ಲು ನಮ್ಮಪ್ಪನದು. ಕಂಬಳಿ ಮಾತ್ರ ನಿಜ. ಹಟ್ಟಿಯವರು ಹುಟ್ಟಿನಿಂದಲೇ ಹೊದೆಯುತ್ತಿದ್ದರು. ಅವರು ಹೊದ್ದಾಗ ಎಷ್ಟು ಗಂಭೀರವಾಗಿ ಕಾಣುತ್ತಾರೆಂದು ಹೊಟ್ಟೆಕಿಚ್ಚುಪಟ್ಟು ನಾವೂ ತಾತಂದಿರ ಕಂಬಳಿ ಕದ್ದು ಸಮವಸ್ತ್ರ ಮಾಡಿಕೊಂಡೆವು. ಮಧುಗಿರಿಯ ಬೇಸಿಗೆಯ ನಡುಹಗಲಲ್ಲಿ ಕರಿಕಂಬಳಿ ಹೊದ್ದು ಶತ್ರುವಿಗಾಗಿ ಕಾಯುವ ವೀರನಿಗೆ ಶತ್ರುವಿನ ಅಗತ್ಯವೇ ಇರುವುದಿಲ್ಲ.

ಧಾರಾವಾಹಿಯಲ್ಲಿ ಜಗಳ ಶುರುವಾಗುವುದು ಒಬ್ಬ ನರ್ತಕಿಯಿಂದ. ನಮ್ಮದು ಶುರುವಾದದ್ದು ಕುರಿಗಳಿಂದ. ಹಟ್ಟಿಯ ಮಂದೆ ಬೆಟ್ಟದ ಮೇವಿಗೆ ಹೋಗಬೇಕಾದರೆ ನಮ್ಮ ಬೀದಿಯೇ ದಾರಿ. ನಮ್ಮ ದೊಡ್ಡಪ್ಪನ ಮಗಳ ಮದುವೆಯ ದಿನ ಬೆಳಗ್ಗೆ ಆ ದಾರಿಯಲ್ಲಿ ಬಂದ ನೂರೈವತ್ತು ಕುರಿಗಳು ಚಪ್ಪರದ ಬಾಳೆಕಂದು, ಮಾವಿನ ತೋರಣ, ಕೊನೆಗೆ ಒಳಗೆ ತೂಗುಹಾಕಿದ್ದ ಹೂವಿನ ಹಾರಗಳನ್ನೂ ಬೀಗರಿಗಿಂತ ಮುಂಚೆ ಸ್ವೀಕರಿಸಿ ಮುಂದೆ ನಡೆದವು. ಅಂದಿನಿಂದ ಬೀದಿ ಬಂದ್. ಮಂದೆ ಕೆರೆ ಏರಿ ಸುತ್ತಿಕೊಂಡು ಬೆಟ್ಟ ಸೇರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು, ಮರಿಗಳು ಬಿಸಿಲಿಗೆ ಸೊರಗುತ್ತಿದ್ದವು. ತಪ್ಪು ಯಾರದೆಂದು ಇಂದು ಕೇಳಿದರೆ ನಮ್ಮದೇ ಎನ್ನುತ್ತೇನೆ, ಅಂದು ಹಾಗೆಂದವರ ಹಲ್ಲು ಉದುರಿಸುತ್ತೇನೆಂದು ಕೂಗಿದವರಲ್ಲಿ ನನ್ನ ದನಿ ಮೊದಲನೆಯದು.

ಒಂದು ಮಧ್ಯಾಹ್ನ ಹಟ್ಟಿಯವರು ಮಂದೆಯನ್ನು ಮುಂದೆ ಬಿಟ್ಟುಕೊಂಡು ಬೀದಿಗೆ ನುಗ್ಗಿದರು. ಇಪ್ಪತ್ತು ಜನ, ಅವರೆಲ್ಲರ ಮುಂದೆ ಅವರ ನಾಯಕ ಜುಂಜಣ್ಣ. ನಾವು ಹದಿನೈದು ಜನ ಅಡ್ಡ ನಿಂತಿದ್ದೆವು. ಹಾಗೆಂದು ನಾನು ನಂಬಿದ್ದೆ. ಅವರನ್ನು ಕಂಡ ಕ್ಷಣವೇ ನನ್ನ ಹಿಂದಿದ್ದ ಹದಿನಾಲ್ಕು ಜನರೂ ಮನೆಗೆಲಸಗಳು ನೆನಪಾಗಿ ಮಾಯವಾಗಿದ್ದರು. ನಾನು ಉಳಿದದ್ದು ಧೈರ್ಯದಿಂದಲ್ಲ, ಹಿಂದಿರುಗಿ ನೋಡದೆ ಇದ್ದುದರಿಂದ. ನೋಡಿದೆ, ನೋಡಿದೊಡನೆ ಓಡಿದೆ. ಬೆಟ್ಟದ ಬುಡ ಇನ್ನೇನು ಸಿಕ್ಕಿತು ಎನ್ನುವಾಗ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಮುಗ್ಗರಿಸಿ, ಬಗ್ಗಿ, ಎರಡೂ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡೆ. ಕಾಲಿಗೆ ತೊಡರುತ್ತಿದ್ದ ಕಂಬಳಿಯನ್ನು ಕಿತ್ತು ನೆಲಕ್ಕೆಸೆದೆ. ಮತ್ತೆ ಎದ್ದು ಓಡುವಷ್ಟರಲ್ಲಿ ಅವರು ಬಂದೇಬಿಟ್ಟಿದ್ದರು. ಜುಂಜಣ್ಣ ನೆಲಕ್ಕೆ ಬಗ್ಗಿದ್ದು ಓರೆಗಣ್ಣಿಗೆ ಕಂಡಿತು. ಕಲ್ಲು ಎತ್ತಿಕೊಳ್ಳುತ್ತಿದ್ದಾನೆಂದು ನಾನು ಚಪ್ಪಲಿಗಳನ್ನು ತಲೆಯ ಮೇಲೆ ಹಿಡಿದು ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. ಕಣ್ಣು ತೆರೆದರೆ ಜುಂಜಣ್ಣ ಕಾಲಿನಿಂದ ಚಪ್ಪಲಿ ಬಿಟ್ಟು ನನ್ನ ಕಂಬಳಿಯ ಮೇಲೆ ಕೂತಿದ್ದ. ಹಿಂದಿದ್ದ ಇಪ್ಪತ್ತು ಕೋಲುಗಳೂ ಕೆಳಗಿಳಿದಿದ್ದವು. "ಏನ್ಲಾ ಅಂಗ್ ನೋಡ್ತೀಯ? ಗದ್ದಿಗೆ ಬಿದ್ದೈತೆ. ಬಾ, ಕುಂತ್ಕ" ಅಂದ.

ಹಟ್ಟಿಯವರ ಪದ್ಧತಿಯನ್ನು ಇಲ್ಲಿ ಹೇಳಬೇಕು. ಬರಿಗಾಲಲ್ಲಿ ನಿಂತು ಕಂಬಳಿ ಹಾಸಿದರೆ ಅದು ಗದ್ದಿಗೆ. ಅದು ಬಿದ್ದ ಮೇಲೆ ಎದುರಾಳಿಯ ಮೇಲೆ ಕೈ ಎತ್ತುವಂತಿಲ್ಲ, ವ್ಯಾಜ್ಯ ತೀರದೆ ಏಳುವಂತಿಲ್ಲ, ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ನಾನು ಚಪ್ಪಲಿ ಕಳಚಿದ್ದೂ ಕಂಬಳಿ ಬಿದ್ದದ್ದೂ ಆ ಇಪ್ಪತ್ತು ಜನರ ಕಣ್ಣಿಗೆ ಶಾಸ್ತ್ರೋಕ್ತವಾಗಿಯೇ ಕಂಡಿತ್ತು. ಹಿರಿಯರು ಬಂದರು, ಎಲೆಯಡಿಕೆ ಬಂತು, ಬೆಟ್ಟದ ನೆರಳು ಬೀದಿಗೆ ಇಳಿಯುವ ಹೊತ್ತಿಗೆ ತೀರ್ಮಾನವಾಯಿತು: ಬೆಳಗಿನ ಹೊತ್ತು ಮಂದೆ ನಮ್ಮ ಬೀದಿಯಲ್ಲೇ ಹಾಯಬೇಕು, ಪ್ರತಿಯಾಗಿ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ನಮ್ಮ ಬೀದಿಯವರ ಹೊಲಗಳಲ್ಲಿ ಮಂದೆ ನಿಲ್ಲಿಸಬೇಕು. ಇಂದಿಗೂ ಹಾಗೆಯೇ ನಡೆಯುತ್ತಿದೆ. ನನ್ನ ಬೆಳಗಿನ ಕಾಫಿಗೆ ಕುರಿಗಳ ಅರಚಾಟವೇ ನಾಂದಿ.

ಮಾತನಾಡದೆ ಕೂತಿದ್ದರಿಂದ ಗದ್ದಿಗೆಯ ಮೇಲೆ ನಾನು ಸುಳ್ಳಾಡಿದೆನೆಂದು ಯಾರೂ ಹೇಳುವಂತಿಲ್ಲ. ಆದರೆ ಅಂದಿನಿಂದ ನಾನು ಕಂಬಳಿ ಹಾಸಿದವನಾದೆ, ಕೆಲಸ ಸಿಕ್ಕ ಮೇಲೆ 'ಕಂಬಳಿ ಹಾಸಿದ ಮೇಷ್ಟ್ರು' ಆದೆ. ಹಟ್ಟಿಯ ಪ್ರತಿ ಮದುವೆಯಲ್ಲೂ ಮೊದಲ ಎಲೆಯಡಿಕೆ ನನಗೆ. ನಿವೃತ್ತನಾದಾಗ ಶಾಲೆಯವರು ಗಡಿಯಾರ ಕೊಟ್ಟರೆ ಹಟ್ಟಿಯವರು ಹೊಸ ಕಂಬಳಿ ಹೊದಿಸಿದರು. ಗಡಿಯಾರ ನಿಂತುಹೋಗಿದೆ, ಕಂಬಳಿ ನನ್ನ ಆರಾಮಕುರ್ಚಿಯ ಮೇಲಿದೆ. ಆಕರಗಳನ್ನು ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಮೂವತ್ತು ವರ್ಷ ಬೋಧಿಸಿದ ನಾನು, ನನ್ನೊಬ್ಬನಿಗೇ ಗೊತ್ತಿದ್ದ ಆಕರವೊಂದನ್ನು ಭದ್ರವಾಗಿ ಬಚ್ಚಿಟ್ಟುಕೊಂಡೇ ಪಿಂಚಣಿಗೆ ಅರ್ಹನಾದೆ.

ಧಾರಾವಾಹಿಯಲ್ಲಿ ಕಾಳಗದ ಕಂತು ಬಂದ ಮರುದಿನ ಜುಂಜಣ್ಣ ಕೆಂಡವಾಗಿ ಬಂದ. "ಇದೇನ್ ಮೇಷ್ಟ್ರೇ ಇಂಗ್ ಮಾಡ್ಬುಟ್ಟವ್ರೆ? ಏಳು ಜನ ಸತ್ರಂತೆ, ನನ್ ಕೈಯಾಗೆ ಮಚ್ಚಂತೆ! ಕಂಬ್ಳಿ ಸಮಾಚಾರನೇ ಬುಟ್ಬುಟ್ಟವ್ರಲ್ಲ. ನೀವು ಬರೀರಿ ಅವ್ರಿಗೆ. ಹೆಂಗ್ ಹಾಸುದ್ರಿ ಅಂತ ನಿಮ್ ಕೈಯಾರೆ ಬರೀರಿ. ಭಾನ್ವಾರ ಬತ್ತೀನಿ, ಓದೇಳಿ."

ನಾಲ್ಕು ಸಲ ಬರೆದು ಮೂರು ಸಲ ಹರಿದೆ. ಮೊದಲ ಪ್ರತಿಯಲ್ಲಿ ನಾನು 'ದೂರದೃಷ್ಟಿಯಿಂದ' ಕಂಬಳಿ ಹಾಸಿದ್ದೆ, ಎರಡನೆಯದರಲ್ಲಿ 'ಅಂತಃಪ್ರೇರಣೆಯಿಂದ', ಮೂರನೆಯದರಲ್ಲಿ ಕರ್ಮಣಿ ಪ್ರಯೋಗದ ಮರೆ ಹೊಕ್ಕು 'ಕಂಬಳಿ ಹಾಸಲ್ಪಟ್ಟಿತು'. ನಾಲ್ಕನೆಯದರಲ್ಲಿ ನಿಜ ಬರೆದೆ, ಓದಿ ಹೆದರಿದೆ. ಯಾವ ಟೀವಿಯವರು ಏನೆಂದುಕೊಂಡರೂ ನನಗೆ ಚಿಂತೆಯಿಲ್ಲ. ಆದರೆ ಜುಂಜಣ್ಣ ನನ್ನ ಬಾಳಿನ ಅತ್ಯಂತ ಹಳೆಯ ಗೆಳೆಯ. ನನ್ನ ತಾಯಿ ತೀರಿಕೊಂಡಾಗ ಮೂರು ದಿನ ಜಗಲಿ ಬಿಟ್ಟು ಅಲುಗದೆ ಕೂತವನು. ಆ ಸ್ನೇಹದ ಬುನಾದಿಯಲ್ಲಿ ಇರುವುದು ಒಂದು ಕಂಬಳಿ, ಅದರಡಿಯಲ್ಲಿ ಒಂದು ಸುಳ್ಳು. ನಿಜ ತಿಳಿದರೆ ಅವನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲವೇನೋ ಎಂಬ ಭಯಕ್ಕೆ ನನ್ನ ಊಟ ಕಡಿಮೆಯಾಯಿತು. ಶಾರದೆ ಡಾಕ್ಟರ ಹತ್ತಿರ ಹೋಗೋಣವೆಂದಳು.

ಭಾನುವಾರ ಮಧ್ಯಾಹ್ನ ಜುಂಜಣ್ಣ ಬಂದ. ಕುರ್ಚಿ ಕೊಟ್ಟರೆ ಬೇಡವೆಂದು, ಆರಾಮಕುರ್ಚಿಯ ಮೇಲಿನ ಕಂಬಳಿಯನ್ನು ಎಳೆದು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಅಂಗೈಯಿಂದ ಸುಕ್ಕು ಸವರಿ ಕೂತು, ಪಕ್ಕದ ಜಾಗವನ್ನು ತಟ್ಟಿದ. ನಾನೂ ಕೂತೆ. ಹಾಗೆ ಕೂತ ಮೇಲೆ ಕೈಯಲ್ಲಿದ್ದ ಹಾಳೆ ಓದಲಾಗಲಿಲ್ಲ, ಬಾಯಲ್ಲೇ ಹೇಳಿಬಿಟ್ಟೆ: ಅಂದು ನಾನು ಹಾಸಲಿಲ್ಲ ಜುಂಜಣ್ಣ, ಓಡಿಹೋಗುತ್ತಿದ್ದೆ. ಚಪ್ಪಲಿ ಕಿತ್ತುಹೋಗಿತ್ತು. ಕಂಬಳಿ ಕಾಲಿಗೆ ಸಿಕ್ಕಿತು, ಎಸೆದೆ. ಅಷ್ಟೇ.

ಜುಂಜಣ್ಣ ತಲೆ ಎತ್ತದೆ ಎಲೆಗೆ ಸುಣ್ಣ ಸವರುತ್ತಿದ್ದ. "ಅದ್ ನಂಗೊತ್ತಿಲ್ವ?" ಅಂದ. "ಗದ್ದಿಗೆ ಹಾಸೋನು ಎಲ್ಲಾನಾ ಚಪ್ಲೀನ ತಲೆ ಮ್ಯಾಲ್ ಇಟ್ಕಂಡು ನಿಂತಿರ್ತಾನೇನ್ಲಾ?"

ಮೇಷ್ಟ್ರೇ ಎನ್ನುವುದನ್ನು ಮರೆತು ಅವನು 'ಲಾ' ಎಂದದ್ದು ಎಷ್ಟೋ ವರ್ಷಗಳ ನಂತರ ಅದೇ ಮೊದಲು. ಮತ್ತೆ ಅವನೇ ಮುಂದುವರಿಸಿದ. "ನಾಕ್ ಮಡಿಕೆ ಹಾಕಿ ಹಾಸ್ಬೇಕು. ನೀನು ಮುದ್ದೆ ಮಾಡಿ ಬಿಸಾಕಿದ್ದೆ. ನಾನೇ ಬಗ್ಗಿ, ಬಿಡ್ಸಿ, ಮಡಿಕೆ ಸರಿ ಮಾಡ್ದೆ. ನಿನ್ ಕಣ್ ಮುಚ್ಚಿತ್ತು. ನಮ್ಮೋರ್ಗೆ ನನ್ ಬೆನ್ ಅಡ್ಡ ಇತ್ತು."

ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳುವಷ್ಟರಲ್ಲಿ ಅವನೇ ಹೇಳಿದ: "ಹಿಂದ್ಗಡೆ ಇಪ್ಪತ್ ಜನ, ಮುಂದ್ಗಡೆ ನೀನೊಬ್ಬ. ಹೊಡುದ್ರೆ ಪಾಪ, ಹೊಡೀದೆ ಬುಟ್ರೆ ನಮ್ಮೋರು ಹೇಡಿ ಅಂದ್ಬುಡೋರು. ನಂಗೂ ದಿಗ್ಲಾಗಿತ್ತು ಕಣ್ಲಾ. ಕಂಬ್ಳಿ ಬಿತ್ತು, ಇಬ್ರೂ ಉಳ್ಕಂಡ್ವಿ."

ಜುಂಜಣ್ಣ ಬಗ್ಗಿದ್ದು ಕಲ್ಲಿಗಲ್ಲ. ನಲವತ್ತು ವರ್ಷ ನಾನು ಅವನಿಂದ ಒಂದು ನಿಜವನ್ನು ಮುಚ್ಚಿಟ್ಟೆನೆಂದು ಒಳಗೊಳಗೇ ಕೊರಗುತ್ತಿದ್ದರೆ, ಅವನು ಅದೇ ನಿಜವನ್ನು ನನಗೆ ನಾಚಿಕೆಯಾದೀತೆಂದು ನನ್ನಿಂದಲೇ ಮುಚ್ಚಿಟ್ಟಿದ್ದ. ಮೊದಲ ಎಲೆಯಡಿಕೆಯನ್ನು ಪ್ರತಿ ಮದುವೆಯಲ್ಲೂ ನನ್ನ ಕೈಗಿಡುತ್ತಿದ್ದವನು ಅವನೇ. ನನ್ನ ಕಣ್ಣು ತುಂಬಿ ಬಂತು. ಸುಣ್ಣದ ಘಾಟೆಂದು ಹೇಳಬಹುದಿತ್ತು, ಆದರೆ ಇನ್ನೂ ಕಂಬಳಿಯ ಮೇಲೆಯೇ ಕೂತಿದ್ದೆನಲ್ಲ. "ಅದೇನ್ ಬರ್ದಿದ್ಯೋ ಅಂಗೇ ಕಳ್ಸು. ಆದ್ರೆ ನಾ ಬಗ್ಗಿದ್ದು ಬರೀಬ್ಯಾಡ, ನಮ್ ಹುಡುಗ್ರು ಟೀವಿ ನೋಡ್ತವೆ" ಅಂದು ಎಲೆ ಮಡಿಸಿ ನನಗೆ ಕೊಟ್ಟ.

ಕಾಗದವನ್ನು ಟೀವಿಯವರಿಗೆ ಕಳಿಸಲಿಲ್ಲ. ಅವರಿಗೆ ಬೇಕಾದಷ್ಟು ನೆತ್ತರು ನಮ್ಮ ಇತಿಹಾಸದಲ್ಲಿಲ್ಲ. ಈ ಪ್ರಬಂಧದಲ್ಲಿ ಅವನು ಬಗ್ಗಿದ್ದನ್ನು ನಿಮಗೆ ಹೇಳಿಬಿಟ್ಟಿದ್ದೇನೆ, ಅದಕ್ಕೆ ಅವನು ಬೈದರೆ ಬೈಸಿಕೊಳ್ಳುತ್ತೇನೆ. ಅವನ ಹುಡುಗರು ಟೀವಿ ನೋಡುತ್ತಾರೆಯೇ ಹೊರತು ಪ್ರಬಂಧ ಓದುವುದಿಲ್ಲ ಎಂಬ ಧೈರ್ಯವೂ ಇದೆ. ಈಗ ನಾವಿಬ್ಬರೂ ಆ ಧಾರಾವಾಹಿಯನ್ನು ಒಟ್ಟಿಗೆ ನೋಡುತ್ತೇವೆ, ಶಾರದೆ ಕಡಲೆಕಾಯಿ ಹುರಿದು ಕೊಡುತ್ತಾಳೆ. ನಿನ್ನೆಯ ಕಂತಿನಲ್ಲಿ ಮತ್ತೆ ಕಾಳಗವಾಯಿತು, ಮತ್ತೆ ಮೂವರು ಹೋದರು. ನಾಯಕ ಮಾಡಿನಿಂದ ಮಾಡಿಗೆ ಹಾರುವಾಗ ನಾವಿಬ್ಬರೂ ನೋಡುತ್ತಿದ್ದುದು ಅವನ ಪಾದಗಳನ್ನೇ. ಆ ಚಪ್ಪಲಿ ಒಂದೇ ಒಂದು ಸಲ ಕಿತ್ತುಹೋಗಿದ್ದರೆ, ಪಾಪ, ಅವರ ಜಗಳವೂ ಎಂದೋ ಮುಗಿದುಹೋಗುತ್ತಿತ್ತು.